ಚಾಂಗುಣಾ ಮೌಶಿಯ ಮನೆಯ ಒಂದು ನಿಮಿಷ

ದಿಗಂಬರ ಪೆಡ್ಣೇಕರ ಸಿನಿಮಾ ಮಾಡುತ್ತಾನೆ ಎಂದರೆ ಜನ ಮೊದಲು ಕೇಳುತ್ತಿದ್ದುದು ಹೀರೋಯಿನ್ ಯಾರು ಎಂದು. ಅವನು ಪ್ರಾಮಾಣಿಕವಾಗಿ "ಉಪ್ಪಿನ ಗದ್ದೆ" ಎನ್ನುತ್ತಿದ್ದ. ಹೀಗಾಗಿ ಅವನಿಗೆ ಬಂದ ಮದುವೆ ಸಂಬಂಧಗಳೆಲ್ಲ ಚಹಾ ಮುಗಿಯುವ ಮೊದಲೇ ಎದ್ದುಹೋದವು. ಮೃಣಾಲ್ ಒಬ್ಬಳು ಮಾತ್ರ ನಕ್ಕಳು, ಮದುವೆಯೂ ಆದಳು. ಅವಳಿಗೆ ಬ್ಯಾಂಕಿನಲ್ಲಿ ಕೆಲಸವಿತ್ತು. ಹಾಗಾಗಿ ನಮ್ಮ ಸಾಕ್ಷ್ಯಚಿತ್ರಗಳಿಗೆಲ್ಲ ಹೊತ್ತುಹೊತ್ತಿಗೆ ಊಟ ಸಿಕ್ಕಿತು.

ನಾನು ಅವನ ಸೌಂಡ್ ರೆಕಾರ್ಡಿಸ್ಟ್. ಹುಬ್ಬಳ್ಳಿಯಿಂದ ಮುಂಬಯಿಗೆ ಬಂದವನು ವಾಪಸು ಹೋಗಲೇ ಇಲ್ಲ. ಕೋಳಿವಾಡದಲ್ಲಿ ಕೆಲಸ ನಡೆದಿದೆ ಎಂದು ಫೋನಿನಲ್ಲಿ ಹೇಳಿದಾಗ ನಮ್ಮವ್ವ, "ದಿನಕ್ಕ ಎಷ್ಟ ಕೋಳಿ ಕೊಯ್ತೀಯೋ?" ಎಂದಳು. ಅದು ಮೀನುಗಾರರ ಕೇರಿ ಎಂದು ಬಿಡಿಸಿ ಹೇಳಿದೆ. "ಮೀನರ ಮಾರು, ಕೋಳಿಯರ ಮಾರು, ಆ ಕಿವಿಗೆ ಹಾಕ್ಕೊಳ್ಳೋ ಹೆಡ್‌ಫೋನ್ ತಗದ ಬಿಡು" ಎಂದು ಫೋನಿಟ್ಟಳು. ಈ ಕಸುಬಿನ ಹಣೆಬರಹವೇ ಅಷ್ಟು. ಚಿತ್ರ ಚೆನ್ನಾಗಿದ್ದರೆ ಕ್ಯಾಮೆರಾದವನ ಬೆನ್ನು ತಟ್ಟುತ್ತಾರೆ, ಕೆಟ್ಟರೆ ಸೌಂಡಿನವನಿಗೆ ಬೈಯುತ್ತಾರೆ.

ದಿಗಂಬರನಿಗೆ, ಅಂದರೆ ನಮ್ಮ ದಿಗೂಗೆ, ಎರಡು ರೋಗವಿತ್ತು. ಎಷ್ಟೇ ಚೆನ್ನಾಗಿ ಬಂದಿದ್ದರೂ "ಇರಲಿ, ಇನ್ನೊಂದು ಸಲ" ಎನ್ನುವುದು ಒಂದು. ಇನ್ನೊಂದು ಸತ್ಯದ ರೋಗ. ದಾದರಿನಲ್ಲಿ ಕೂಗಿದ ಕಾಗೆಯ ದನಿಯನ್ನು ವಸಯಿಯ ಕಾಗೆಯ ಬಾಯಿಗೆ ಹಾಕುವಂತಿರಲಿಲ್ಲ. ಇಷ್ಟು ಮಾಡಿ ಮುಗಿಸಿದ ಚಿತ್ರವನ್ನು ನೋಡಲು ಬರುವವರಾದರೂ ಯಾರು? ಅಂಥದ್ದೇ ಚಿತ್ರ ಮಾಡಿದ ಇತರರು. ಮುಗಿದ ಮೇಲೆ ಪ್ರಶ್ನೆ ಕೇಳಿ ಎಂದರೆ ಎದ್ದುನಿಂತು ತಮ್ಮ ಚಿತ್ರದ ಬಗ್ಗೆ ಭಾಷಣ ಮಾಡುತ್ತಿದ್ದರು.

ಕೋಳಿವಾಡದ ಚಿತ್ರ ಮಾತ್ರ ಬೇರೆ. ಅದು ಅವನ ಜೀವ. ಚಾಂಗುಣಾ ಮೌಶಿ, ಅಂದರೆ ಕೇರಿಗೆಲ್ಲ ಚಿಕ್ಕಮ್ಮ, ಒಣ ಬೊಂಬಿಲ್ ಮೀನು ಮಾರುವವಳು. ಗಂಡ ಒಂದು ದೋಣಿಯಲ್ಲಿ, ಇಬ್ಬರು ಮಕ್ಕಳು ಬೇರೆ ಬೇರೆ ದೋಣಿಗಳಲ್ಲಿ. ಸಮುದ್ರ, ಸೊಸೆಯರು, ಚೌಕಾಸಿ ಮಾಡುವ ಗಿರಾಕಿಗಳು, ಎಲ್ಲದರ ಮೇಲೂ ಅವಳು ಬಾಯಿತುಂಬ ಮಾತಾಡಿದಳು. ಕೊನೆಗೆ ನನ್ನ ಕೆಲಸವೊಂದು ಉಳಿದಿತ್ತು. ಖಾಲಿ ಕೋಣೆಗೂ ತನ್ನದೇ ಒಂದು ಸದ್ದಿರುತ್ತದೆ. ಮಾತು ಕತ್ತರಿಸಿದ ಕಡೆಯಲ್ಲೆಲ್ಲ ಅದನ್ನು ತುಂಬಬೇಕು, ಇಲ್ಲದಿದ್ದರೆ ಹಲ್ಲು ಬಿದ್ದ ಬಾಯಿಯ ಹಾಗಾಗುತ್ತದೆ.

"ಮೌಶಿ, ಎಲ್ಲರೂ ಒಂದು ನಿಮಿಷ ಮೌನ" ಎಂದೆ.

ಶೂಟಿಂಗ್ ನೋಡಲು ಬಂದು ಕೂತಿದ್ದ ಓಣಿಯ ಹೆಂಗಸರೆಲ್ಲ ಎದ್ದುನಿಂತರು. ಒಬ್ಬಳು ಸೆರಗು ತಲೆಗೆಳೆದುಕೊಂಡಳು. ಮೌಶಿಯ ಮುಖ ಬಿಳಿಚಿಹೋಯಿತು.

"ಯಾರೋ? ನನ್ನ ಗಂಡನಾ, ಮಕ್ಕಳಾ? ಯಾವ ದೋಣಿಯೋ, ಬೊಗಳೋ!"

ಓಣಿಯ ತುಂಬ ಬೊಬ್ಬೆ ಎದ್ದಿತು. ಯಾರೋ ದೋಣಿ ನಿಲ್ಲುವ ದಕ್ಕೆಗೆ ಓಡಿದರು. ದಿಗೂ ಎರಡೂ ಕೈ ಬೀಸುತ್ತ, "ಯಾರಿಗೂ ಏನೂ ಆಗಿಲ್ಲ ಮೌಶಿ! ನಮಗೆ ಖಾಲಿ ಮನೆ ಸದ್ದು ಬೇಕು ಅಷ್ಟೆ!" ಎಂದು ಕೂಗಿದ.

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. "ನನ್ನ ಮನೆ ಖಾಲಿ ಆಗಬೇಕಾ ನಿಂಗೆ? ಮುಂಡೇದೇ!" ಎಂದು ಮೌಶಿ ಬೊಂಬಿಲ್ ಬುಟ್ಟಿಯನ್ನೇ ಎತ್ತಿ ಅವನ ಮೇಲೆ ಎಸೆದಳು. ಅರ್ಧ ನನ್ನ ಮೈಕಿನ ಮೇಲೆ ಬಿತ್ತು. ಆ ವಾಸನೆ ಇವತ್ತಿಗೂ ಹೋಗಿಲ್ಲ.

ಸಿಟ್ಟಿಳಿದ ಮೇಲೆ ಊಟ ಹಾಕಿದಳು, ಜೊತೆಗೆ ತೀರ್ಪನ್ನೂ ಕೊಟ್ಟಳು. "ಮೌನ ಅಂದ್ರೆ ಸತ್ತವರಿಗೆ. ನಮ್ಮವರಲ್ಲಿ ಒಬ್ಬರಾದ್ರೂ ನೀರಿನ ಮೇಲಿರೋ ತನಕ ಈ ಮನೇಲಿ ಅದು ನಡೆಯಲ್ಲ."

ದೋಣಿ ಮೂರು, ಒಂದು ಬಂದರೆ ಇನ್ನೊಂದು ಹೊರಟಿರುತ್ತಿತ್ತು. ಮೂವರೂ ದಡದಲ್ಲಿರುವುದು ಮಳೆಗಾಲದಲ್ಲಿ ಮಾತ್ರ. ಆಗ ಮೌಶಿ ತಾನೇ ಹೇಳಿಕಳಿಸಿ, ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ, ಬಾಯಿಗೆ ಸೆರಗು ತುರುಕಿಕೊಂಡಳು. ತಗಡಿನ ಮಾಡಿನ ಮೇಲೆ ಮಳೆ ಮೂಟೆಗಟ್ಟಲೆ ಅಕ್ಕಿ ಸುರಿದ ಹಾಗೆ ಸುರಿಯಿತು. ಚಿತ್ರ ತೆಗೆದದ್ದು ಬಿಸಿಲಿನಲ್ಲಿ, ಆ ಸದ್ದು ಅದಕ್ಕೆ ಹೊಂದಲಿಲ್ಲ. ಮಳೆ ನಿಂತಿತೋ, ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಮೂವರೂ ಹೊರಟರು.

"ಪಕ್ಕದ ಮನೇಲಿ ಹಿಡ್ಕೊಂಡು ಬಾರೋ. ಮೌನಕ್ಕೂ ಮೌನಕ್ಕೂ ಏನು ವ್ಯತ್ಯಾಸ?" ಎಂದು ಚಿತ್ರದ ಎಡಿಟರ್ ಗೋಗರೆದ.

"ಪಕ್ಕದ ಮನೆ ಮೌನ ಪಕ್ಕದ ಮನೇದು" ಎಂದ ದಿಗೂ. ಕತ್ತು ಹಿಸುಕಿಬಿಡೋಣ ಎನ್ನಿಸಿತು ನನಗೆ.

ಹೀಗೆ ಒಂದು ನಿಮಿಷಕ್ಕಾಗಿ ಚಿತ್ರ ವರ್ಷಗಟ್ಟಲೆ ಕೊಳೆಯಿತು. ದಿಗೂ ಬೇರೆ ಚಿತ್ರಗಳನ್ನು ಮಾಡಿದ, ಹೊಟ್ಟೆಪಾಡಿಗೆ ಮದುವೆ ವಿಡಿಯೊಗಳನ್ನೂ ತೆಗೆದ. ಮದುವೆಯಲ್ಲೂ ವರನಿಗೆ "ತಾಳಿ ಇನ್ನೊಂದು ಸಲ" ಎಂದು ಪುರೋಹಿತರಿಂದ ಬೈಸಿಕೊಂಡ. ಬಿಡುವಾದಾಗಲೆಲ್ಲ ಕೋಳಿವಾಡಕ್ಕೆ ಹೋಗುತ್ತಿದ್ದ.

"ಬಂದ್ಯಾ ಹಾಳಾದವನೇ? ಕೂತ್ಕೊಂಡು ಉಣ್ಣು. ಮೌನ ಇಲ್ಲ" ಎನ್ನುತ್ತಿದ್ದಳು ಮೌಶಿ. ಅವನು ಉಂಡು, ಬಲೆ ಬಿಡಿಸಿಕೊಟ್ಟು, ಮೊಮ್ಮಗಳ ನಿಶ್ಚಿತಾರ್ಥಕ್ಕೆ ಬೆಂಚು ಹೊತ್ತು ಬರುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅವನ ಹೃದಯ ನಿಂತುಹೋಯಿತು. ಅಳುವುದಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಅರ್ಧ ಚಿತ್ರ ಬಿಟ್ಟು ಹೋಗುವುದೆಂದರೇನು? ಅದನ್ನು ಯಾರು ಮುಗಿಸಬೇಕು?

ವಾರ ಕಳೆಯುವಷ್ಟರಲ್ಲಿ ಮೌಶಿಯ ಫೋನ್ ಬಂತು. "ಏ ಕಿವಿಯವನೇ, ನಿನ್ನ ಮಷೀನ್ ತಗೊಂಡು ಬಾ."

ಹೋದೆ. ಓಣಿಯ ಹೆಂಗಸರೆಲ್ಲ ಗೋಡೆಗೊರಗಿ ಕೂತಿದ್ದರು. ಹೊಸ ಫ್ರಿಜ್ಜಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

"ಅದು ಗುಂಯ್ ಅನ್ನುತ್ತೆ. ಅವನಿಗೆ ಆಗ್ತಿರಲಿಲ್ಲ" ಎಂದಳು ಮೌಶಿ.

"ಆದ್ರೆ ಮೌಶಿ, ಮೂವರೂ ನೀರಿನ ಮೇಲಿದ್ದಾರಲ್ಲ?"

"ಇರಲಿ. ನಮ್ಮ ಮನೆಯವನೊಬ್ಬ ಹೋಗಿದ್ದಾನೆ. ಇದು ಅವನ ಪಾಲಿಂದು. ಶುರು ಮಾಡು."

ಎಲ್ಲರೂ ಎದ್ದುನಿಂತರು. ಬಿಸಿಲಿಗೆ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ಯಾರದೋ ಬಳೆ ಒಮ್ಮೆ ಸರಿಯಿತು. ದೂರದಲ್ಲಿ ಒಂದು ದೋಣಿಯ ಎಂಜಿನ್ನು ಕೇಳಿಸಿತು. ಜಗಳಗಂಟಿ ಮೌಶಿ ಉಸಿರು ಕೂಡ ಸದ್ದಿಲ್ಲದೆ ಬಿಡುತ್ತಿದ್ದಳು. ನನ್ನ ಕಣ್ಣಿಗೆ ಮೀಟರಿನ ಮುಳ್ಳು ಸರಿಯಾಗಿ ಕಾಣುತ್ತಿರಲಿಲ್ಲ.

"ಆಯ್ತು ಮೌಶಿ. ಚೆನ್ನಾಗಿ ಬಂತು" ಎಂದು ಕಿವಿಯ ಮೇಲಿನದನ್ನು ತೆಗೆಯಲು ಹೋದೆ.

ಮೌಶಿ ನನ್ನ ಕೈ ಮೇಲೆ ಪಟ್ಟೆಂದು ಹೊಡೆದಳು.

"ಹಾಕ್ಕೋ. ಅವನು ಯಾವತ್ತು ಒಂದಕ್ಕೆ ಸುಮ್ಮನಾಗಿದ್ದ? ಇನ್ನೊಂದು ಸಲ."