ದೋಣಿಗೆ ಹೊಸ ಅಂಚುಪಟ್ಟಿ

ಮೊಮ್ಮಕ್ಕಳೇ, ಮನು, ಭವ್ಯಾ, ನಿಮಗೆ ಕಬಿನಿ ಹಿನ್ನೀರಿನಲ್ಲಿ ನಮ್ಮನ್ನು ದಾಟಿಸುತ್ತಿದ್ದ ಅಂಬಿಗರೊಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಅವರ ಹಳೆಯ ದೋಣಿಯ ಅಂಚಿಗೆ ಸುತ್ತಲೂ ಮರದ ಪಟ್ಟಿಯಿತ್ತು. ದೋಣಿ ದಡದ ಕಲ್ಲಿಗೆ ತಾಗಿದಾಗಲೆಲ್ಲ ಅದನ್ನು ಸವರಿ, "ಏಟೆಲ್ಲ ಇದೇ ತಿನ್ಲಿ ಕಣವ್ವ" ಎನ್ನುತ್ತಿದ್ದರು.

ನಿಮ್ಮ ತಾತ ತೀರಿಕೊಂಡ ವರ್ಷ ಪಟ್ಟಿ ಕೊಳೆತಿದ್ದರಿಂದ ಹೊಸದನ್ನು ಹೊಡೆದರು. ಅಂದೇ ನಾನು ಆಚೆ ದಡದಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಅವ್ವನನ್ನು ನೋಡಲು ಹೋಗಬೇಕಿತ್ತು. ರಿಪೇರಿಯಾದ ದೋಣಿಗೆ ಮೊದಲು ಮುತ್ತೈದೆ ಹತ್ತುವುದು ರೂಢಿ. ನಾನು ಹಿಂದೆ ಸರಿದು ನಿಂತೆ.

"ಮುಂಡೆ ಕಾಲಿಟ್ರೆ ದೋಣಿ ಉಳೀತದಾ?" ಎಂದಳು ದಡದಲ್ಲಿ ನಿಂತಿದ್ದ ಒಬ್ಬಳು.

"ನಿನ್ ಬಾಯ್ಗೂ ಒಂದ್ ಪಟ್ಟಿ ಹೊಡೀಲಾ?" ಎಂದ ಅಂಬಿಗರು ನನ್ನತ್ತ ತಿರುಗಿ, "ನೀನ್ ಹತ್ತವ್ವ" ಎಂದರು.

ಬೇರೆ ಯಾರೂ ಹತ್ತಲಿಲ್ಲ. ಅಷ್ಟು ಅಗಲದ ನೀರಿನಲ್ಲಿ ನಾವಿಬ್ಬರೇ. ಅವರು ಹುಟ್ಟು ಹಾಕಿದರು. ಆಚೆ ದಡದ ಮನೆಯಲ್ಲಿ ಅವ್ವ ನನ್ನ ದನಿ ಕೇಳಿ ಕಣ್ಣು ತೆರೆದಳು.

ಆ ಅಂಬಿಗರ ಹೆಸರು ಕೇಳುವ ಧೈರ್ಯ ನನಗಿರಲಿಲ್ಲ. ಅವರು ಉಳಿದಿರುವುದು ಈ ಹಾಳೆಯಲ್ಲಷ್ಟೇ, ಇದನ್ನು ಕಳೆಯಬೇಡಿ, ಮಕ್ಕಳೇ.