ಬೀಗರಿಗೆ ಆರಿದ ಚಹಾ

ಗೆಳತಿಯರೇ, ಇವತ್ತು ಇಳಕಲ್ಲಿನ ಉರಿಬಿಸಿಲಿನಲ್ಲಿ ನಾದಿನಿಯ ಅತ್ತೆ ಕೆರೂರಿನಿಂದ ನಮ್ಮ ಮನೆಗೆ ಬಂದರು. ಶುಂಠಿ, ಬೆಲ್ಲ ಹಾಕಿ ಕುದಿಸಿದ ಹಾಲಿಲ್ಲದ ಚಹಾ ತಣಿಸಿ, ಲಿಂಬೆ ಹಿಂಡಿ, ಐಸ್ ತೇಲಿಸಿ ಕೊಟ್ಟೆ.

ನಮ್ಮತ್ತೆ ತಮ್ಮ ಲೋಟ ಮುಟ್ಟಿದವರೇ ನನ್ನ ಕಿವಿಯಲ್ಲಿ ಗದರಿದರು. "ಬೀಗರಿಗೆ ಆರಿದ ಚಹಾ ಕೊಡ್ತಾರೇನ? ಎದ್ದು ಹೋಗ್ರಿ ಅಂದಂಗ ಆಗ್ತೈತಿ! ಬಿಸಿ ಮಾಡ್ಕೊಂಡು ಬಾ."

"ಆರಿದ್ದಲ್ರೀ ಅತ್ತಿ, ಬೇಕಂತನ ಆರಿಸೀನಿ."

ಅಷ್ಟರಲ್ಲಿ ಬೀಗಿತ್ತಿ ಖಾಲಿ ಲೋಟ ಮುಂದೆ ಚಾಚಿದರು. "ಮೈಯಾಗ ಜೀವ ಬಂತ ನೋಡವ್ವಾ. ಇನ್ನೊಂದೀಟು ಕೊಡು."

ನಮ್ಮತ್ತೆ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಹೇಳಿದರು, "ನಮ್ಮ ಮನ್ಯಾಗ ಬೀಗರಿಗೆ ಆರಿಸೇ ಕೊಡೂದ್ರಿ!"

ನನಗೂ ಕೊಂಬು ಬಂದಿತ್ತು. ಸಂಜೆ ಯಜಮಾನರಿಗೆ ಕೊಟ್ಟದ್ದು ಮಾತ್ರ ನಾನು ಮಾಡಿಟ್ಟು ಮರೆತದ್ದರಿಂದ ಆರಿಹೋದ ಚಹಾ. ಬೀಗಿತ್ತಿ ಮೆಚ್ಚಿದ ಚಹಾ ಅದೇ ಅಂದುಕೊಂಡು ಅವರು "ಭಾಳ ಛಲೋ ಆಗೇತಿ" ಎಂದು ಹೊಗಳುತ್ತಲೇ ಕುಡಿದರು. ನಾನೂ ಹೊಗಳಿಸಿಕೊಂಡೆ.