ಮಂಗ ಓಡಿಸುವ ಫೈಲು

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟುಡಿಯೋ ಇತ್ತು. ಮದುವೆಯ ವಿಡಿಯೋ ತೆಗೆಯುವುದು, ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ ಸಿ.ಡಿ. ಮಾಡುವುದು ನನ್ನ ಕೆಲಸ. ಮೊಬೈಲು ಎಲ್ಲರ ಜೇಬಿಗೂ ಬಂದ ಆ ವರ್ಷಗಳಲ್ಲಿ ಇನ್ನೊಂದು ಕಾಟ ಸೇರಿಕೊಂಡಿತು. "ಇದು ನಮ್ಮ ಪ್ಲೇಯರಲ್ಲಿ ಹಾಡ್ತಾ ಇಲ್ಲ, ಸ್ವಲ್ಪ ನೋಡಿ" ಎಂದು ಬರುವವರ ಕಾಟ. ನೋಡುವುದಕ್ಕೆ ಅದೇನು ಕಣ್ಣಿಗೆ ಕಾಣುವ ರೋಗವೇ? ಒಂದೊಂದು ಡಬ್ಬಿಗೆ ಒಂದೊಂದು ನಮೂನೆಯ ಫೈಲು ಬೇಕು. ಹೇಳಿ ಹೇಳಿ ನನಗೆ ಸಾಕುಸಾಕಾಗಿತ್ತು.

ಹಿರೇಕೊಡಿಗೆ ಕಡೆಯ ಗಂಡ ಹೆಂಡತಿ ಬಂದದ್ದು ಅಂಥ ಒಂದು ಮಧ್ಯಾಹ್ನ. ಮಾತೆಲ್ಲ ಗಂಡನದೇ. ಹೆಂಡತಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಸುಮ್ಮನೆ ಕೂತಿದ್ದರು.

"ಇವಳಿಗೆ ಗಂಟಲಲ್ಲಿ ಗಂಟಾಗಿದೆ ಮಾರಾಯ್ರೆ. ತೋಟಕ್ಕೆ ಬರೋ ಮಂಗನಿಗೆ ಕೂಗಿ ಕೂಗಿಯೇ ಆದದ್ದು ಅಂತಾರೆ ಡಾಕ್ಟ್ರು. ಆಪರೇಷನ್ ಆಗೋವರೆಗೆ ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಸ್ವರವೇ ಹೋಗ್ತದಂತೆ."

"ಹಾಗಾದ್ರೆ ನೀವು ಕೂಗಿ."

"ನಾನು ಕೂಗಿದ್ರೆ ಎಂತದೋ ಕೊಡ್ತಾರೆ ಅಂತ ಹತ್ರ ಬರ್ತಾವೆ. ನಾಯಿ ಸಾಕಿದೆ, ಅದು ಮಂಗನ ಜೊತೆ ರಾಜಿ ಮಾಡ್ಕೊಂಡಿದೆ. ಇವಳ ಕೂಗಿಗೆ ಮಾತ್ರ ಅವು ಕಾಲ್ಕೀಳೋದು."

ಆ ಕೂಗನ್ನು ಆಕೆಯ ಮೈದುನ ಹಿಂದೊಮ್ಮೆ ತಮಾಷೆಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರಂತೆ. ಪೆನ್‌ಡ್ರೈವ್ ಹಾಕಿದರೆ ಹಾಡುವ ಅಗ್ಗದ ಪೆಟ್ಟಿಗೆಯೊಂದನ್ನೂ ಕೊಂಡಿದ್ದರು. ಒಂದು ಕೂಗು, ಸ್ವಲ್ಪ ಬಿಡುವು, ಮತ್ತೆ ಕೂಗು, ಹೀಗೆ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ಕೇಳುತ್ತಿರಬೇಕು. ಆಗ ಆಕೆ ಬಾಯಿ ಮುಚ್ಚಿಕೊಂಡು ಇರಬಹುದು.

ಇಷ್ಟೇ ತಾನೇ ಅಂದುಕೊಂಡೆ. ನನ್ನ ಎಡಿಟಿಂಗ್ ಸಾಫ್ಟ್‌ವೇರು ಮೊಬೈಲಿನ ಫೈಲನ್ನು ಮುಟ್ಟಲೇ ಇಲ್ಲ. ಸೈಬರ್ ಸೆಂಟರಿಗೆ ಹೋಗಿ, ಅದನ್ನು ಬದಲಾಯಿಸುವ ಇನ್ನೊಂದು ಸಾಫ್ಟ್‌ವೇರು ಇಳಿಸಿಕೊಂಡು ಬಂದೆ. ಆಗ ತೆರೆದುಕೊಂಡಿತು. "ಹೋಯ್! ಹಾಳಾದ್ದೇ, ಇಳಿ ಕೆಳಗೆ! ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ!" ಅಬ್ಬಾ, ಅದೇನು ಗಂಟಲು! ಜಗಳವೇನೋ ಅಂತ ಪಕ್ಕದ ಬೇಕರಿಯವರು ಓಡಿ ಬಂದರು. ಕೂಗುಗಳನ್ನು ಸಾಲಾಗಿ ಜೋಡಿಸಿ, ಪೆನ್‌ಡ್ರೈವಿಗೆ ಹಾಕಿ ಕಳಿಸಿದೆ.

ಮರುದಿನವೇ ಗಂಡ ಹಾಜರ್. ಪೆಟ್ಟಿಗೆ ದೀಪ ಮಿಣುಕಿಸುತ್ತದೆ, ಬಾಯಿ ಬಿಡುವುದಿಲ್ಲ. ನಾನು ಕೊಟ್ಟದ್ದು ವೇವ್ ಫೈಲು, ಆ ಪೆಟ್ಟಿಗೆಗೆ ಎಂಪಿತ್ರೀ ಬಿಟ್ಟು ಬೇರೆ ಗೊತ್ತಿಲ್ಲ. ಹಾಗೆಯೇ ಮಾಡಿ ಕೊಟ್ಟೆ. ಮತ್ತೆ ಬಂದರು. ಈಗ ಕೂಗುತ್ತದೆ, ಆದರೆ ಕೋಳಿಮರಿಯ ಹಾಗೆ. ಮೊಬೈಲು ರೆಕಾರ್ಡ್ ಮಾಡಿದ ವೇಗ ಒಂದು, ಪೆಟ್ಟಿಗೆ ಓದುವ ವೇಗ ಇನ್ನೊಂದು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಕೇಳುತ್ತಿತ್ತು. ಹಾಕಿ ತೋರಿಸಿದೆ. ನಿಮ್ಮ ಪೆಟ್ಟಿಗೆಯೇ ಸರಿಯಿಲ್ಲ ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಮ್ಮ ಕಂಪ್ಯೂಟರಲ್ಲಿ ಕೂಗಿದ್ರೆ ನಂಗೆಂತ ಬಂತು? ಮಂಗನ್ನೇ ಇಲ್ಲಿಗೆ ಕರ್ಕೊಂಡು ಬರ್ಲಾ?" ಎಂದು ರೇಗಿದರು. ಆಮೇಲೆ ಅವರ ದನಿ ತಗ್ಗಿತು. "ನಿನ್ನೆ ಬಾಳೆಗೊನೆಗೆ ಹಿಂಡೇ ಬಂದಿತ್ತು. ಇವಳಿಗೆ ತಡೀಲಿಕ್ಕೆ ಆಗ್ಲಿಲ್ಲ, ಕೂಗಿಬಿಟ್ಳು. ಆಮೇಲೆ ಗಂಜಿ ಸಹ ಇಳೀಲಿಲ್ಲ."

ಸಿಟ್ಟು ಹೋಗಿ ನನಗೆ ಸಂಕಟವಾಯಿತು. ಪೆಟ್ಟಿಗೆಯನ್ನೇ ತನ್ನಿ ಎಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಆ ರೆಕಾರ್ಡಿನ ವೇಗವನ್ನು, ಅಂದರೆ ಸ್ಯಾಂಪಲ್ ರೇಟು ಎಂಬುದನ್ನು, ಸಿ.ಡಿ. ಹಾಡುಗಳ ಅಳತೆಗೆ ಏರಿಸಿ, ಮತ್ತೆ ಎಂಪಿತ್ರೀ ಮಾಡಿ, ಪೆನ್‌ಡ್ರೈವ್ ಹಾಕಿ ತೆಗೆದು, ಹಾಕಿ ತೆಗೆದು, ಸಂಜೆಯ ಹೊತ್ತಿಗೆ ಪೆಟ್ಟಿಗೆ ಆಕೆಯ ದನಿಯಲ್ಲೇ ಬೈಯಿತು. ನಾವಿಬ್ಬರೂ ನಗಲಿಲ್ಲ, ಅಷ್ಟು ದಣಿದಿದ್ದೆವು.

ದೀಪಾವಳಿ ಕಳೆದ ಮೇಲೆ ಆಕೆ ಒಬ್ಬರೇ ಬಂದರು. ಪೆನ್‌ಡ್ರೈವ್ ನೀರಿಗೆ ಬಿದ್ದು ಹಾಳಾಗಿದೆ, ಇನ್ನೊಂದಕ್ಕೆ ಹಾಕಿಕೊಡಬೇಕು ಎಂದರು. ಪಿಸುಮಾತಿಗಿಂತ ತುಸು ಮೇಲೆ, ಒಡಕು ದನಿ. ಆಪರೇಷನ್ ಆಯಿತಂತೆ. ಇನ್ನು ಸ್ವರ ಬರುವುದು ಇಷ್ಟೇ ಎಂದು ಡಾಕ್ಟರು ಹೇಳಿದ್ದಾರಂತೆ.

"ಮಂಗ ಓಡ್ತಾವಾ ಅಕ್ಕ?"

"ಓಡ್ತಾವೆ. ಆ ಪೆಟ್ಟಿಗೆಗೆ ಹೆದರ್ತಾವೆ. ನಂಗಲ್ಲ."

ಫೈಲು ಹಾಕಿದೆ. ಕೂರಿ ಎಂದರೂ ಕೂರದೆ, ನಿಂತೇ ಕೇಳಿದರು. ಇನ್ನೂ ಜೋರು ಮಾಡಿ ಎಂದು ಕೈಸನ್ನೆ ಮಾಡಿದರು. ಮುಗಿದ ಮೇಲೆ, "ಇದರಲ್ಲಿ ಬೇರೆ ಎಂತಾದ್ರೂ ಉಂಟಾ? ನಾನು ಸುಮ್ನೆ ಮಾತಾಡಿದ್ದು?" ಎಂದು ಕೇಳಿದರು.

ಮೈದುನನ ಮೊಬೈಲಿನಿಂದ ತೆಗೆದಿದ್ದ ಮೂಲ ಫೈಲನ್ನು ತೆರೆದೆ. ಮೊದಲಿನಿಂದ ಕೊನೆಯವರೆಗೆ ಇಬ್ಬರೂ ಕೇಳಿದೆವು. ಬೈಗುಳ, ಕಲ್ಲು ಬೀಳುವ ಸದ್ದು, ಮತ್ತೆ ಬೈಗುಳ. ಮನೆಯಲ್ಲಿ ಬೇರೆ ವಿಡಿಯೋ, ಕ್ಯಾಸೆಟ್ಟು ಯಾವುದಾದರೂ ಇದೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

"ಇಷ್ಟು ವರ್ಷ ಮಾತಾಡಿದ್ದೆಲ್ಲ ಹೋಯ್ತು" ಎಂದರು. "ಮಂಗನಿಗೆ ಬೈದದ್ದು ಮಾತ್ರ ಉಳೀತಲ್ಲ ಮಾರಾಯ್ರೆ."